ಅಂಕಣದ ಪಕ್ಷನಿಷ್ಠೆಯನ್ನು ಅಳೆಯುವಾಗ ವಿಡಂಬನೆಯನ್ನು ಏನು ಮಾಡಬೇಕು?

ಪ್ರಶ್ನೆ: ನಾನು ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿನಿ. ಕನ್ನಡ ದಿನಪತ್ರಿಕೆಗಳ ರಾಜಕೀಯ ಅಂಕಣಗಳಲ್ಲಿ ಪಕ್ಷನಿಷ್ಠೆ ಎಷ್ಟಿದೆ ಎಂಬುದು ನನ್ನ ಕಿರುಪ್ರಬಂಧದ ವಿಷಯ. ಒಂದೊಂದು ಪಕ್ಷದ ಬಗ್ಗೆ ಬಂದ ಹೊಗಳಿಕೆ, ತೆಗಳಿಕೆಗಳನ್ನು ವಾಕ್ಯವಾರು ಗುರುತಿಸಿ ಎಣಿಸುತ್ತಿದ್ದೇನೆ. ಗಂಭೀರ ಅಂಕಣಗಳಲ್ಲಿ ಇದು ಹೇಗೋ ಸಾಗುತ್ತದೆ. ವಿಡಂಬನೆಯ ಅಂಕಣ ಎದುರಾದ ಕೂಡಲೇ ಲೆಕ್ಕ ಕೈಕೊಡುತ್ತದೆ. ಜೊತೆಗೆ ಕೂತು ಓದುವ ಗೆಳತಿಯೂ ನಾನೂ ಒಂದೇ ವಾಕ್ಯಕ್ಕೆ ಬೇರೆ ಬೇರೆ ಗುರುತು ಹಾಕುತ್ತೇವೆ. ವಿಡಂಬನೆಯನ್ನು ಅಧ್ಯಯನದಿಂದ ಕೈಬಿಡಬಹುದೇ? ಬಿಡಬಾರದೆಂದರೆ ಅಳೆಯುವುದು ಹೇಗೆ?

ಉತ್ತರ: ಕೈಬಿಡಬೇಡಿ. ‘ಪ್ರಜಾವಾಣಿ’ಯಲ್ಲಿ ಟಿ.ಎಸ್. ರಾಮಚಂದ್ರರಾಯರು ಬರೆಯುತ್ತಿದ್ದ ‘ಛೂಬಾಣ’ದಿಂದ ಹಿಡಿದು ಅದೇ ಪತ್ರಿಕೆಯ ‘ಚುರುಮುರಿ’ಯವರೆಗೆ, ನಡುವೆ 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಯನ್ನೂ ಸೇರಿಸಿಕೊಂಡರೆ, ಕನ್ನಡ ಓದುಗರು ರಾಜಕಾರಣದ ಬಗ್ಗೆ ಅಭಿಪ್ರಾಯ ಕಟ್ಟಿಕೊಂಡಿರುವುದರಲ್ಲಿ ನಗೆಯ ಪಾಲು ಸಣ್ಣದಲ್ಲ. ಅದನ್ನು ಬಿಟ್ಟರೆ ನಿಮ್ಮ ಅಧ್ಯಯನ ಗಂಭೀರ ಮುಖದ ಅಂಕಣಕಾರರಿಗಷ್ಟೇ ಸೀಮಿತವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೊಂದಿದೆ: ಒಂದು ಪಕ್ಷವನ್ನು ಬಹಿರಂಗವಾಗಿ ಹೊಗಳಲು ಸಂಕೋಚಪಡುವ ಅಂಕಣಕಾರನು ಎದುರು ಪಕ್ಷವನ್ನು ಲೇವಡಿ ಮಾಡುವುದರ ಮೂಲಕವೇ ಆ ಕೆಲಸವನ್ನು ಪೂರೈಸಿಕೊಳ್ಳುತ್ತಾನೆ. ವಿಡಂಬನೆಯನ್ನು ಹೊರಗಿಟ್ಟರೆ ಅಂಥವನು ನಿಮ್ಮ ಕೋಷ್ಟಕದಲ್ಲಿ ತಟಸ್ಥನಾಗಿ ಕಾಣಿಸಿಕೊಳ್ಳುತ್ತಾನೆ.

ಆದರೆ ವಿಡಂಬನೆಗೆ ಹೋಗುವ ಮೊದಲು, ನೀವು ಅಳೆಯುತ್ತಿರುವುದು ಏನನ್ನು ಎಂಬುದು ಖಚಿತವಾಗಬೇಕು. ಒಂದು ಸಿದ್ಧಾಂತದ ಕಡೆಗೆ ವಾಲಿರುವುದು ಬೇರೆ, ಒಂದು ಪಕ್ಷಕ್ಕೆ ನಿಷ್ಠನಾಗಿರುವುದು ಬೇರೆ. ವಿಲಿಯಂ ಸಫೈರ್ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಭಾಷಣಕಾರರಾಗಿದ್ದವರು; 1973ರಿಂದ 2005ರವರೆಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಸಂಪ್ರದಾಯವಾದಿ ನಿಲುವಿನ ಅಂಕಣ ಬರೆದರು. 2001ರ ನವೆಂಬರ್‌ನಲ್ಲಿ, ಅವಳಿ ಗೋಪುರಗಳ ಮೇಲಿನ ದಾಳಿಯ ಬಿಸಿ ಇನ್ನೂ ಆರಿರದ ಹೊತ್ತಿನಲ್ಲಿ, ಶಂಕಿತ ಭಯೋತ್ಪಾದಕರನ್ನು ಸೇನಾ ನ್ಯಾಯಮಂಡಳಿಗಳ ಮುಂದೆ ನಿಲ್ಲಿಸಲು ರಿಪಬ್ಲಿಕನ್ ಅಧ್ಯಕ್ಷ ಬುಷ್ ಹೊರಡಿಸಿದ ಆದೇಶವನ್ನು ಅವರು ಸರ್ವಾಧಿಕಾರದ ನಡೆ ಎಂದು ಕಟುವಾಗಿ ಟೀಕಿಸಿದರು. ಜಾರ್ಜ್ ವಿಲ್ ಎಂಬ ಇನ್ನೊಬ್ಬ ಹಿರಿಯ ಅಂಕಣಕಾರರು 2016ರಲ್ಲಿ ರಿಪಬ್ಲಿಕನ್ ಪಕ್ಷವನ್ನೇ ತೊರೆದರು, ತಮ್ಮ ಸಂಪ್ರದಾಯವಾದವನ್ನು ಮಾತ್ರ ಬಿಡಲಿಲ್ಲ. ಇಂಥವರ ವಾಲುವಿಕೆ ಸ್ಪಷ್ಟ, ಆದರೆ ಪಕ್ಷನಿಷ್ಠೆ ಕಡಿಮೆ. ಪಕ್ಷನಿಷ್ಠನ ಲಕ್ಷಣ ಬೇರೆ: ಒಂದೇ ಕೆಲಸವನ್ನು ತನ್ನವರು ಮಾಡಿದಾಗ ಒಂದು ಅಳತೆ, ಎದುರಿನವರು ಮಾಡಿದಾಗ ಇನ್ನೊಂದು ಅಳತೆ. ನೀವು ಹುಡುಕಬೇಕಾದದ್ದು ಆ ಎರಡು ಅಳತೆಗಳ ನಡುವಿನ ಅಂತರವನ್ನು. ಅಂಕಣಕಾರನ ಕೋಪದ ಪ್ರಮಾಣದಿಂದ ಅದು ತಿಳಿಯುವುದಿಲ್ಲ.

ಹೊಗಳಿಕೆ, ತೆಗಳಿಕೆಗಳ ಎಣಿಕೆ ಈ ಅಂತರವನ್ನು ಸ್ವಲ್ಪಮಟ್ಟಿಗೆ ಹಿಡಿಯುತ್ತದೆ. ಒಬ್ಬ ಅಂಕಣಕಾರನು ವರ್ಷವೊಂದರಲ್ಲಿ ‘ಕ’ ಪಕ್ಷವನ್ನು 10 ಬಾರಿ ಮೆಚ್ಚಿ 40 ಬಾರಿ ಟೀಕಿಸಿದ್ದಾನೆ, ‘ಚ’ ಪಕ್ಷವನ್ನು 2 ಬಾರಿ ಮೆಚ್ಚಿ 30 ಬಾರಿ ಟೀಕಿಸಿದ್ದಾನೆ ಎಂದುಕೊಳ್ಳಿ. ಮೆಚ್ಚುಗೆಯಿಂದ ಟೀಕೆಯನ್ನು ಕಳೆದು ಒಟ್ಟು ಉಲ್ಲೇಖಗಳಿಂದ ಭಾಗಿಸಿದರೆ ಮೊದಲನೆಯದಕ್ಕೆ ಋಣ 0.6, ಎರಡನೆಯದಕ್ಕೆ ಋಣ 0.875 ಬರುತ್ತದೆ, ಅಂತರ 0.275. ಈತ ಇಬ್ಬರನ್ನೂ ಬಿಟ್ಟವನಲ್ಲ. ಇನ್ನೊಬ್ಬ ‘ಕ’ ಪಕ್ಷವನ್ನು 1 ಬಾರಿ ಮೆಚ್ಚಿ 49 ಬಾರಿ ಟೀಕಿಸಿ, ‘ಚ’ ಪಕ್ಷವನ್ನು 18 ಬಾರಿ ಮೆಚ್ಚಿ 6 ಬಾರಿ ಮಾತ್ರ ಟೀಕಿಸಿದ್ದರೆ ಅಂಕಗಳು ಋಣ 0.96 ಮತ್ತು ಧನ 0.5, ಅಂತರ 1.46. ಸಾಧ್ಯವಿರುವ ಗರಿಷ್ಠ ಅಂತರ 2 ಆದ್ದರಿಂದ ಇದು ದೊಡ್ಡದೇ. ಇಲ್ಲಿಯವರೆಗೆ ಸೂತ್ರ ಕೆಲಸ ಮಾಡುತ್ತದೆ. ಆದರೆ ಮೂರನೆಯವನೊಬ್ಬನು ‘ಕ’ ಪಕ್ಷವನ್ನು 60 ಬಾರಿ ಗೇಲಿ ಮಾಡಿ ‘ಚ’ ಪಕ್ಷದ ಹೆಸರನ್ನೇ ಎತ್ತದಿದ್ದರೆ? ಸೊನ್ನೆಯಿಂದ ಭಾಗಿಸಲಾಗದೆ ಸೂತ್ರ ಅಲ್ಲೇ ನಿಲ್ಲುತ್ತದೆ. ಆ ಮೌನ ನಿಷ್ಠೆಯದೂ ಇರಬಹುದು. ‘ಕ’ ಪಕ್ಷ ಅಧಿಕಾರದಲ್ಲಿದೆ, ಗೇಲಿಗೆ ಸಿಗುವುದು ಅಧಿಕಾರದಲ್ಲಿರುವವರೇ ಎಂಬಷ್ಟೂ ಇರಬಹುದು. ವಿಡಂಬನಕಾರರಲ್ಲಿ ಈ ಮೂರನೆಯ ಬಗೆಯವರೇ ಹೆಚ್ಚು. ವಿಡಂಬನೆಯ ಸ್ವಭಾವವೇ ಮೆಚ್ಚುಗೆಯನ್ನು ಹೊರಗಿಡುವುದು. ಹೀಗಾಗಿ ಹೊಗಳಿಕೆಯ ಎಣಿಕೆ ಅಲ್ಲಿ ಬಹುತೇಕ ಸೊನ್ನೆಯ ಹತ್ತಿರವೇ ಇರುತ್ತದೆ.

ಈ ಗೊಂದಲವನ್ನು ಬಿಡಿಸುವುದಕ್ಕೆ ನನಗೆ ನಂಬಿಕೆಯಿರುವ ಉಪಾಯ ಒಂದೇ: ಸರ್ಕಾರ ಬದಲಾದಾಗ ಅಂಕಣ ಏನಾಯಿತು ಎಂದು ನೋಡುವುದು. ಲಾರ್ಚಿನೇಸೆ, ಪುಲ್ಯೀಸಿ ಮತ್ತು ಸ್ನೈಡರ್ ಎಂಬ ಮೂವರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಮೆರಿಕದ ಪತ್ರಿಕೆಗಳ ಆರ್ಥಿಕ ಸುದ್ದಿಗಳನ್ನು ಹೀಗೆಯೇ ಪರಿಶೀಲಿಸಿದರು. ಚುನಾವಣೆಗಳಲ್ಲಿ ಡೆಮಾಕ್ರಾಟ್ ಅಭ್ಯರ್ಥಿಗಳನ್ನೇ ಹೆಚ್ಚಾಗಿ ಬೆಂಬಲಿಸುವ ಪತ್ರಿಕೆಗಳು, ನಿರುದ್ಯೋಗ ಏರಿದಾಗ ಅಧ್ಯಕ್ಷರು ರಿಪಬ್ಲಿಕನ್ ಆಗಿದ್ದರೆ ಅದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದವು, ಡೆಮಾಕ್ರಾಟ್ ಆಗಿದ್ದರೆ ಕಡಿಮೆ. ಸುದ್ದಿ ಅದೇ, ಕುರ್ಚಿಯಲ್ಲಿ ಕೂತವರು ಬೇರೆ. ವಿಡಂಬನೆಗೂ ಇದೇ ಪರೀಕ್ಷೆಯನ್ನು ಒಡ್ಡಬಹುದು. ‘ನ್ಯೂಯಾರ್ಕ್ ಟೈಮ್ಸ್’ನ ಅಂಕಣಗಾರ್ತಿ ಮೌರೀನ್ ಡೌಡ್ ಅವರಿಗೆ 1999ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದದ್ದು ಡೆಮಾಕ್ರಾಟ್ ಪಕ್ಷದ ಕ್ಲಿಂಟನ್ ಅವರ ಲೆವಿನ್‌ಸ್ಕಿ ಪ್ರಕರಣದ ಕುರಿತ ಅಂಕಣಗಳಿಗಾಗಿ. ಬುಷ್ ಅಧಿಕಾರಕ್ಕೆ ಬಂದ ಮೇಲೆ ಅದೇ ಲೇಖನಿ ಅವರನ್ನೂ ಅವರ ಬಳಗವನ್ನೂ ಅಷ್ಟೇ ಹಟದಿಂದ ಗೇಲಿ ಮಾಡಿತು. ನಮ್ಮಲ್ಲಿ ಲಂಕೇಶರು ಗುಂಡೂರಾವ್ ಸರ್ಕಾರವನ್ನು ಮೂದಲಿಸಿದ ಕಾರಣಕ್ಕೆ ಅವರನ್ನು ಕಾಂಗ್ರೆಸ್ ವಿರೋಧಿ ಎಂದಷ್ಟೇ ಓದಿಕೊಂಡವರಿದ್ದರು. 1983ರ ನಂತರ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರ ಸರ್ಕಾರವೂ ಅವರ ಬಾಯಿಗೆ ಬಿದ್ದಿತು. 1983ಕ್ಕೆ ಮೊದಲಿನ ಸಂಚಿಕೆಗಳನ್ನು ಮಾತ್ರ ಎಣಿಸಿದವನಿಗೆ ಇದು ಕಾಣುತ್ತಿರಲಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಸಂಶೋಧಕರಿಗೆ ಅನುಕೂಲದ ರಾಜ್ಯ. 1985ರ ನಂತರ ಇಲ್ಲಿ ಆಳುತ್ತಿದ್ದ ಯಾವ ಪಕ್ಷವೂ ಚುನಾವಣೆ ಗೆದ್ದು ಬಹುಮತದೊಂದಿಗೆ ಮರಳಿಲ್ಲ. ನಿಮಗೆ ನಾನು ಸೂಚಿಸುವ ಅವಧಿ 2023ರ ಮೇ ತಿಂಗಳ ಬದಲಾವಣೆಯ ಎರಡೂ ಬದಿಗಳು: 2022ರ ಜುಲೈನಿಂದ 2023ರ ಮಾರ್ಚ್‌ವರೆಗಿನ 9 ತಿಂಗಳು ಬಿಜೆಪಿ ಸರ್ಕಾರದ ಕಾಲ, 2023ರ ಜೂನ್‌ನಿಂದ 2024ರ ಫೆಬ್ರುವರಿವರೆಗಿನ 9 ತಿಂಗಳು ಕಾಂಗ್ರೆಸ್ ಸರ್ಕಾರದ ಕಾಲ. ವಿಧಾನಸಭೆ ಚುನಾವಣೆಯ ವೇಳಾಪಟ್ಟಿ ಪ್ರಕಟವಾದದ್ದು 2023ರ ಮಾರ್ಚ್ 29ರಂದು, ಲೋಕಸಭೆಯದು 2024ರ ಮಾರ್ಚ್ 16ರಂದು. ಆದ್ದರಿಂದ ಪ್ರಚಾರದ ಕಾವಿನ ವಾರಗಳು ಎರಡೂ ಕಡೆ ಹೊರಗುಳಿಯುತ್ತವೆ. ಆ ವಾರಗಳಲ್ಲಿ ಎಲ್ಲರೂ ಎಲ್ಲರ ಬಗ್ಗೆಯೂ ಬರೆಯುತ್ತಾರೆ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಆ ಅವಧಿಯೊಳಗಿನ ಎಲ್ಲ ಅಂಕಣಗಳನ್ನೂ ತೆಗೆದುಕೊಳ್ಳಿ. ನೆನಪಿನಲ್ಲಿ ಉಳಿದವುಗಳನ್ನು ಆರಿಸಿಕೊಂಡರೆ ನಿಮ್ಮ ಪೂರ್ವಗ್ರಹಕ್ಕೆ ನೀವೇ ಸಾಕ್ಷಿ ಒದಗಿಸಿದಂತಾಗುತ್ತದೆ.

ಅನುಕೂಲದ ಜೊತೆಗೆ ತೊಡಕೂ ಇದೆ. ಅಮೆರಿಕದ ಅಳತೆಗೋಲುಗಳೆಲ್ಲ ಎರಡೇ ಪಕ್ಷಗಳ ಲೆಕ್ಕದವು. ಒಬ್ಬರಿಗೆ ಕಳೆದದ್ದು ಇನ್ನೊಬ್ಬರಿಗೆ ಕೂಡುತ್ತದೆ. ಇಲ್ಲಿ ಜೆಡಿಎಸ್ 2006ರಲ್ಲಿ ಬಿಜೆಪಿಯೊಂದಿಗೆ, 2018ರಲ್ಲಿ ಕಾಂಗ್ರೆಸ್ಸಿನೊಂದಿಗೆ ಸರ್ಕಾರ ಮಾಡಿ, 2023ರ ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಸೇರಿತು. ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿಗೆ ಹೋಗಿ 2024ರ ಜನವರಿಯಲ್ಲಿ ಬಿಜೆಪಿಗೆ ಮರಳಿದರು. ಅಂದರೆ ನಿಮ್ಮ ಎರಡನೆಯ ಅವಧಿಯ ಬಹುಪಾಲು ಅವರ ಮೇಲಿನ ಗೇಲಿ ಕಾಂಗ್ರೆಸ್ಸಿನ ಖಾತೆಗೆ ಬೀಳುತ್ತದೆ, ಕೊನೆಗೆ ಬಿಜೆಪಿಯ ಖಾತೆಗೆ. ವ್ಯಕ್ತಿಗೆ ಪಕ್ಷವನ್ನು ಕಾಯಂ ಆಗಿ ಅಂಟಿಸಬೇಡಿ. ಅಂಕಣ ಪ್ರಕಟವಾದ ದಿನದಂದು ಅವರು ಯಾವ ಪಕ್ಷದಲ್ಲಿದ್ದರೋ ಅದನ್ನು ಬರೆದುಕೊಳ್ಳಿ. ಪಕ್ಷಾಂತರವೇ ಗೇಲಿಯ ವಸ್ತುವಾಗಿದ್ದರೆ ಬಿಟ್ಟ ಪಕ್ಷ, ಸೇರಿದ ಪಕ್ಷ ಎರಡನ್ನೂ ಪ್ರತ್ಯೇಕವಾಗಿ ನಮೂದಿಸಿ. ಇದಲ್ಲದೆ 2014ರಿಂದ ಕೇಂದ್ರದಲ್ಲಿ ಬಿಜೆಪಿ ನೇತೃತ್ವದ ಸರ್ಕಾರವೇ ಇರುವುದರಿಂದ, ರಾಜ್ಯದಲ್ಲಿ ಕುರ್ಚಿ ಬದಲಾದರೂ ಕೇಂದ್ರದಲ್ಲಿ ಬದಲಾಗಿಲ್ಲ. ಗುರಿ ರಾಜ್ಯ ಸರ್ಕಾರವೋ ಕೇಂದ್ರ ಸರ್ಕಾರವೋ ಎಂಬ ಕಲಂ ಇಲ್ಲದಿದ್ದರೆ ಸರ್ಕಾರ ಬದಲಾವಣೆಯ ಪರೀಕ್ಷೆ ಮಸುಕಾಗುತ್ತದೆ.

ಈಗ ವಿಡಂಬನೆಗೆ ಬರುತ್ತೇನೆ. ನೀವೂ ನಿಮ್ಮ ಗೆಳತಿಯೂ ಒಂದೇ ವಾಕ್ಯಕ್ಕೆ ಬೇರೆ ಬೇರೆ ಗುರುತು ಹಾಕುವುದಕ್ಕೆ ಮುಖ್ಯ ಕಾರಣ, ನೀವು ವಾಕ್ಯವನ್ನು ಅಳತೆಯ ಘಟಕವಾಗಿ ಇಟ್ಟುಕೊಂಡಿರುವುದು. ಗಂಭೀರ ಗದ್ಯದಲ್ಲಿ ವಾಕ್ಯ ತನ್ನ ಅರ್ಥವನ್ನು ಬಹುಮಟ್ಟಿಗೆ ತಾನೇ ಹೊರುತ್ತದೆ; ವಿಡಂಬನೆಯಲ್ಲಿ ಮುಂದಿನ ವಾಕ್ಯ ಬರುವವರೆಗೆ ಹಿಂದಿನದರ ಅರ್ಥ ನಿಲ್ಲುವುದಿಲ್ಲ. ಉದಾಹರಣೆಗೆಂದು ನಾನೇ ಕಟ್ಟಿದ ಈ ತುಣುಕನ್ನು ನೋಡಿ: “ನಮ್ಮ ಸಚಿವ ಮಹೋದಯರ ಕರುಣೆ ದೊಡ್ಡದು. ಊರಿಗೊಂದು ಕೆರೆ ಕೊಡಿ ಎಂದು ಕೇಳಿದ ಜನರಿಗೆ ಮನೆಮನೆಯ ಮುಂದೆ, ರಸ್ತೆಯ ನಡುವೆಯೇ, ಒಂದೊಂದು ಕೆರೆ ದಯಪಾಲಿಸಿದ್ದಾರೆ. ವಿರೋಧ ಪಕ್ಷದ ನಾಯಕರಿಗೆ ಇದನ್ನು ಕಂಡು ಹೊಟ್ಟೆಯುರಿ. ಅವರ ಕಾಲದಲ್ಲಿ ತೋಡಿದ ಕೆರೆಗಳಿಗೆ ಇನ್ನೂ ಉದ್ಘಾಟನೆಯಾಗಿಲ್ಲವಲ್ಲ, ಪಾಪ.”

ವಾಕ್ಯವಾರು ಎಣಿಸಿದರೆ ಮೊದಲ ಎರಡು ವಾಕ್ಯಗಳು ಸಚಿವರ ಹೊಗಳಿಕೆ, ಮೂರನೆಯದು ವಿರೋಧ ಪಕ್ಷದ ತೆಗಳಿಕೆ, ನಾಲ್ಕನೆಯದು ಅವರ ಮೇಲಿನ ಅನುಕಂಪ. ಒಟ್ಟಾರೆ ಇದು ಆಡಳಿತ ಪಕ್ಷದ ಪರವಾದ ಬರಹವಾಗಿಬಿಡುತ್ತದೆ. ವ್ಯಂಗ್ಯವನ್ನು ಗುರುತಿಸಿದ ಓದುಗ ‘ಕೆರೆ’ ಎಂದರೆ ರಸ್ತೆಗುಂಡಿ ಎಂದು ತಿಳಿದು ಮೊದಲ ಎರಡನ್ನೂ ತಿರುಗಿಸುತ್ತಾನೆ. ಆಗ ಬರಹ ಆಡಳಿತ ಪಕ್ಷದ ವಿರೋಧಿಯಾಗುತ್ತದೆ. ಆದರೆ ಕೊನೆಯ ವಾಕ್ಯದ ‘ಪಾಪ’ವನ್ನೂ ಸರಿಯಾಗಿ ಕೇಳಿಸಿಕೊಂಡವನಿಗೆ ಮಾತ್ರ ಹಿಂದಿನ ಸರ್ಕಾರವೂ ಗುಂಡಿ ತೋಡಿಯೇ ಹೋಗಿತ್ತು ಎಂಬ ಏಟು ಕಾಣುತ್ತದೆ. ಅಂದರೆ ಗುರಿಗಳು ಎರಡು, ಎರಡಕ್ಕೂ ಟೀಕೆಯೇ; ಮುಖ್ಯ ಗುರಿ ಆಡಳಿತ ಪಕ್ಷ, ಹಾದಿಯಲ್ಲಿ ಸಿಕ್ಕ ಗುರಿ ವಿರೋಧ ಪಕ್ಷ. ನಿಮ್ಮ ಕೋಷ್ಟಕಕ್ಕೆ ಹೋಗಬೇಕಾದದ್ದು ಇದು. ಆದ್ದರಿಂದ ಇಡೀ ಅಂಕಣವನ್ನು ಓದಿ ಮುಗಿಸಿ, ಅದರ ಗುರಿಗಳನ್ನು ಪಟ್ಟಿ ಮಾಡಿ, ಒಂದೊಂದು ಗುರಿಗೂ ಅದು ಮುಖ್ಯವೋ ಪ್ರಾಸಂಗಿಕವೋ ಎಂದು ಬರೆದು, ಅಕ್ಷರಶಃ ಹೇಳಿದ್ದೇನು, ಉದ್ದೇಶಿಸಿದ್ದೇನು ಎಂಬ ಎರಡು ಕಲಂಗಳನ್ನು ಬೇರೆ ಬೇರೆಯಾಗಿ ತುಂಬಿ. ಎರಡೂ ಒಂದೇ ಆಗಿದ್ದರೆ ಅಲ್ಲಿ ವ್ಯಂಗ್ಯವಿಲ್ಲ. ಅವು ಎಷ್ಟು ಬಾರಿ ಬೇರೆಯಾದವು ಎಂಬುದೇ ಆ ಅಂಕಣಕಾರನ ವ್ಯಂಗ್ಯದ ಪ್ರಮಾಣ. ಹೀಗೆ ವಿಡಂಬನೆಯನ್ನು ಅಳೆಯುವ ಕೆಲಸವೂ ಪಕ್ಷನಿಷ್ಠೆಯನ್ನು ಅಳೆಯುವ ಕೆಲಸವೂ ಒಂದೇ ಓದಿನಲ್ಲಿ, ಒಂದರೊಳಗೊಂದು ಬೆರೆಯದೆ, ನಡೆಯುತ್ತವೆ. ಗಂಭೀರ ಅಂಕಣಗಳಲ್ಲಿ ಒಂದಷ್ಟನ್ನಾದರೂ ಇದೇ ಗುರಿವಾರು ಕ್ರಮದಲ್ಲಿ ಮತ್ತೆ ಓದಿ. ಇಲ್ಲದಿದ್ದರೆ ಎರಡು ಬಗೆಯ ಅಂಕಣಗಳನ್ನು ಎರಡು ಬೇರೆ ಅಳತೆಗಳಿಂದ ಅಳೆದು ಹೋಲಿಸಿದಂತಾಗುತ್ತದೆ.

ಕನ್ನಡದಲ್ಲಿ ವ್ಯಂಗ್ಯ ತನ್ನ ಸುಳಿವುಗಳನ್ನು ಬಿಟ್ಟೇ ಹೋಗುತ್ತದೆ. ಅಗತ್ಯಕ್ಕಿಂತ ಹೆಚ್ಚಿನ ಗೌರವ ಅವುಗಳಲ್ಲಿ ಮೊದಲನೆಯದು: ಬರೀ ‘ಸಚಿವರು’ ಸಾಕಾಗುವಲ್ಲಿ ‘ಮಹೋದಯರು’, ‘ಮಹಾನುಭಾವರು’, ‘ಸನ್ಮಾನ್ಯರು’ ಬಂದರೆ ಓದುಗನ ಕಿವಿ ನಿಮಿರುತ್ತದೆ. ‘ಅಂತೆ’ ಎಂಬ ಬಾಲ ಇನ್ನೊಂದು. ಸಚಿವರು ನಿದ್ದೆಗೆಟ್ಟು ಕೆಲಸ ಮಾಡುತ್ತಿದ್ದಾರೆ ಎನ್ನುವುದಕ್ಕೂ ಮಾಡುತ್ತಿದ್ದಾರಂತೆ ಎನ್ನುವುದಕ್ಕೂ ಇರುವ ದೂರವನ್ನು ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ. ಸಣ್ಣ ವಿಷಯಕ್ಕೆ ಪುರಾಣದ ಭಾಷೆ, ವಚನದ ಧಾಟಿಯ ಅಣಕ, ಇದ್ದಕ್ಕಿದ್ದಂತೆ ಗ್ರಾಂಥಿಕದಿಂದ ಹುಬ್ಬಳ್ಳಿಯ ಅಥವಾ ಮಂಡ್ಯದ ಆಡುಮಾತಿಗೆ ಜಾರುವುದು ಇವೂ ಅದೇ ಕುಲಕ್ಕೆ ಸೇರಿದವು. ಈ ಸುಳಿವುಗಳನ್ನು ನಿಮ್ಮ ಕೋಡಿಂಗ್ ಕೈಪಿಡಿಯಲ್ಲಿ, ಅಂದರೆ ಯಾವುದಕ್ಕೆ ಯಾವ ಗುರುತು ಹಾಕಬೇಕೆಂಬ ನಿಯಮಗಳ ಪುಸ್ತಕದಲ್ಲಿ, ಉದಾಹರಣೆಸಹಿತ ಬರೆದಿಡಿ, ಆದರೆ ಅವುಗಳನ್ನು ಪುರಾವೆಯಾಗಿ ತೆಗೆದುಕೊಳ್ಳಬೇಡಿ. ಶತಾಯುಷಿ ಸ್ವಾಮೀಜಿಯೊಬ್ಬರ ಬಗ್ಗೆ ಬರೆಯುವಾಗ ಅದೇ ಬಹುವಚನ ಅಪ್ಪಟ ಭಕ್ತಿಯಿಂದಲೂ ಬರುತ್ತದೆ.

ಪಾತ್ರಗಳ ಮಾತಿನಲ್ಲಿ ಸಾಗುವ ಅಂಕಣಗಳಿಗೆ ಪ್ರತ್ಯೇಕ ನಿಯಮ ಬೇಕು. ‘ಚುರುಮುರಿ’ಯ ಮಾದರಿಯಲ್ಲಿ ಇಬ್ಬರು ಮೂವರು ಕೂತು ಹರಟುವಾಗ ಒಬ್ಬರು ಸರ್ಕಾರದ ಪರ, ಇನ್ನೊಬ್ಬರು ವಿರುದ್ಧ ಮಾತಾಡುತ್ತಾರೆ, ಎರಡನ್ನೂ ಲೇಖಕನ ಖಾತೆಗೆ ಹಾಕಿದರೆ ಲೆಕ್ಕ ಸಮನಾಗಿ, ಎಲ್ಲ ಹರಟೆಯೂ ತಟಸ್ಥವೆಂದು ತೋರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಯಾರ ಮಾತು ಪೆದ್ದುತನವಾಗಿ ಕಾಣುವಂತೆ ಬರೆಯಲಾಗಿದೆ, ಕೊನೆಯ ಪಂಚ್ ಯಾರ ಬಾಯಿಂದ ಬಂದಿದೆ, ಅದಕ್ಕೆ ಎದುರುತ್ತರ ಉಳಿದಿದೆಯೇ ಎಂಬುದನ್ನು. ಅಡ್ಡಹೆಸರುಗಳದ್ದೂ ಸಮಸ್ಯೆಯೇ. ಹೆಸರು ಹೇಳದೆ, ಊರಿನಿಂದಲೋ ಜಿಲ್ಲೆಯಿಂದಲೋ ಹಳೆಯ ಹೇಳಿಕೆಯೊಂದರಿಂದಲೋ ರಾಜಕಾರಣಿಯನ್ನು ಸೂಚಿಸುವುದು ನಮ್ಮ ವಿಡಂಬನಕಾರರ ಹಳೆಯ ಚಾಳಿ. ಅಂಥವುಗಳ ಪಟ್ಟಿಯನ್ನು ನೀವೇ ಮಾಡಿಕೊಳ್ಳಬೇಕು.

ನಾನು ಇದುವರೆಗೆ ಹೇಳಿದ್ದಕ್ಕಿಂತ ಹೆಚ್ಚು ಬೆಲೆಯ ಕಲಂ ಒಂದಿದೆ, ಅದನ್ನು ಸಾಮಾನ್ಯವಾಗಿ ಯಾರೂ ಸೇರಿಸುವುದಿಲ್ಲ. ಪ್ರತಿ ಗೇಲಿಯಲ್ಲೂ ತಪ್ಪನ್ನು ಯಾರ ತಲೆಗೆ ಕಟ್ಟಲಾಗಿದೆ ಎಂದು ಕೇಳಿಕೊಳ್ಳಿ. ಅದು ವ್ಯಕ್ತಿಯ ಚಪಲವೇ, ಅಂದರೆ ಸಭೆಯಲ್ಲಿ ತೂಕಡಿಸುವುದು, ಹಾರ ತುರಾಯಿಗಳ ಮೋಹ, ನಾಲಿಗೆ ತಪ್ಪುವುದು ಇಂಥದ್ದೇ? ಅಥವಾ ಅಧಿಕಾರದ ನಡೆಯೇ, ಅಂದರೆ ಒಂದು ಟೆಂಡರು, ಒಂದು ವರ್ಗಾವಣೆ, ಒಂದು ಮಸೂದೆಯೇ? ಅಥವಾ ಪಕ್ಷದ ಹುಟ್ಟುಗುಣವೇ, ಅಂದರೆ ‘ಆ ಪಕ್ಷದವರು ಇರುವುದೇ ಹಾಗೆ’ ಎಂಬ ಧಾಟಿಯೇ? ಪಕ್ಷನಿಷ್ಠನಲ್ಲದ ವಿಡಂಬನಕಾರನಲ್ಲಿ ಈ ಮೂರೂ ಎಲ್ಲ ಪಕ್ಷಗಳಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಂಚಿರುತ್ತವೆ. ಪಕ್ಷನಿಷ್ಠನಲ್ಲಿ ಹಂಚಿಕೆ ಓರೆಯಾಗುತ್ತದೆ: ಎದುರು ಪಕ್ಷದ ಒಬ್ಬ ಶಾಸಕ ಲಂಚದಲ್ಲಿ ಸಿಕ್ಕಿಬಿದ್ದರೆ ಅದು ಆ ಪಕ್ಷದ ಹುಟ್ಟುಗುಣ, ತನ್ನ ಪಕ್ಷದವನು ಸಿಕ್ಕಿಬಿದ್ದರೆ ಆತನೊಬ್ಬನ ದುರಾಸೆ. ತನ್ನವರನ್ನೂ ಗೇಲಿ ಮಾಡಿದ್ದೇನೆ ಎಂದು ಆತ ಹೇಳಿಕೊಳ್ಳಬಹುದು, ಎಣಿಸಿದರೆ ಅದು ನಿಜವೂ ಆಗಿರಬಹುದು. ಎರಡೂ ಕಡೆ ಮೂವತ್ತು ಮೂವತ್ತು ಗೇಲಿಗಳಿದ್ದು ಎಣಿಕೆ ಸಮವಾಗಿದ್ದಾಗಲೂ ಈ ಕಲಂ ವ್ಯತ್ಯಾಸವನ್ನು ಹೊರಹಾಕುತ್ತದೆ. ಮುದ್ದಿನಿಂದ ಕೆನ್ನೆ ಚಿವುಟುವ ಗೇಲಿಯನ್ನೂ ಚಾಟಿಯೇಟಿನ ಗೇಲಿಯನ್ನೂ ಬರೀ ‘ನಕಾರಾತ್ಮಕ’ ಎಂದು ಒಟ್ಟುಗೂಡಿಸುವುದು ಹಳೆಯ ಎಣಿಕೆ ಪದ್ಧತಿಗಳ ದೊಡ್ಡ ಕುರುಡು.

ಪದಗಳನ್ನೇ ಎಣಿಸಿ ಪಕ್ಷದ ವಾಲುವಿಕೆಯನ್ನು ಹಿಡಿಯುವ ದಾರಿಯೂ ಒಂದಿದೆ. ಜೆಂಟ್ಸ್‌ಕೌ ಮತ್ತು ಶಪಿರೊ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಸಂಸತ್ತಿನ 2005ರ ಕಡತಗಳಿಂದ ಒಂದೊಂದು ಪಕ್ಷದ ಸದಸ್ಯರು ಹೆಚ್ಚಾಗಿ ಬಳಸುವ ನುಡಿಗಟ್ಟುಗಳನ್ನು ಹೆಕ್ಕಿ, ಪತ್ರಿಕೆಗಳಲ್ಲಿ ಅವು ಎಷ್ಟು ಬರುತ್ತವೆ ಎಂದು ನೋಡಿದರು; ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯನ್ನು ರಿಪಬ್ಲಿಕನ್ನರು ‘ಡೆತ್ ಟ್ಯಾಕ್ಸ್’ ಎಂದರೆ ಡೆಮಾಕ್ರಾಟರು ‘ಎಸ್ಟೇಟ್ ಟ್ಯಾಕ್ಸ್’ ಎನ್ನುತ್ತಿದ್ದರು. ನಮ್ಮಲ್ಲೂ ಒಬ್ಬರ ‘ಗ್ಯಾರಂಟಿ’ ಇನ್ನೊಬ್ಬರ ‘ಬಿಟ್ಟಿ ಭಾಗ್ಯ’. ಆದರೆ ವಿಡಂಬನೆ ಈ ವಿಧಾನದ ಬುಡವನ್ನೇ ಅಲುಗಿಸುತ್ತದೆ. ‘ಡಬಲ್ ಎಂಜಿನ್ ಸರ್ಕಾರ’ ಬಿಜೆಪಿ ತನ್ನ ಬಗ್ಗೆ ತಾನು ಹೆಮ್ಮೆಯಿಂದ ಹೇಳಿಕೊಂಡ ಮಾತು, ಅದನ್ನು ಗೇಲಿಗೆ ಬಳಸಿಕೊಂಡವರು ವಿರೋಧಿಗಳು. ‘ಅಚ್ಛೇ ದಿನ್’ ಕೂಡ ಹಾಗೆಯೇ. ‘ನುಡಿದಂತೆ ನಡೆದಿದ್ದೇವೆ’ ಎಂಬ ಕಾಂಗ್ರೆಸ್ಸಿನ ಘೋಷಣೆಗೂ ಅದೇ ಗತಿಯಾಯಿತು. ಪಕ್ಷದ ಸ್ವಂತ ಘೋಷಣೆ ಅಂಕಣದಲ್ಲಿ ಕಾಣಿಸಿಕೊಂಡರೆ ಅದು ಬೆಂಬಲವೋ ಅಣಕವೋ ಎಂಬುದನ್ನು ಪದದ ಎಣಿಕೆ ಹೇಳಲಾರದು. ಆದ್ದರಿಂದ ಈ ವಿಧಾನವನ್ನು ಗಂಭೀರ ಅಂಕಣಗಳಿಗೆ ಮೀಸಲಿಡಿ.

ಇನ್ನು ನಿಮ್ಮ ಗೆಳತಿಯ ಜೊತೆಗಿನ ಭಿನ್ನಾಭಿಪ್ರಾಯ. ಶೇಕಡಾವಾರು ಹೊಂದಾಣಿಕೆ ಎಷ್ಟಿದೆ ಎಂದು ನೋಡಿ ಸಮಾಧಾನಪಡಬೇಡಿ. ನೀವಿಬ್ಬರೂ 100 ಉಲ್ಲೇಖಗಳನ್ನು ಓದಿ, ಪ್ರತಿಯೊಬ್ಬರೂ 80ಕ್ಕೆ ‘ಟೀಕೆ’ ಎಂದು, 20ಕ್ಕೆ ‘ಟೀಕೆಯಲ್ಲ’ ಎಂದು ಬರೆದು, 80 ಉಲ್ಲೇಖಗಳಲ್ಲಿ ಒಂದೇ ಗುರುತು ಹಾಕಿದ್ದೀರಿ ಎಂದುಕೊಳ್ಳೋಣ. ಶೇ 80 ಎಂದರೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಇಬ್ಬರೂ ಓದದೆ, ಅದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದ್ದರೂ 0.8 ಗುಣಿಸು 0.8, ಅದಕ್ಕೆ 0.2 ಗುಣಿಸು 0.2 ಕೂಡಿ, ಶೇ 68ರಷ್ಟು ಹೊಂದಿಕೆ ಬರುತ್ತಿತ್ತು. 1960ರಲ್ಲಿ ಕೊಹೆನ್ ಸೂಚಿಸಿದ ಕಪ್ಪಾ ಸೂತ್ರದಂತೆ, ಆಕಸ್ಮಿಕವನ್ನು ಮೀರಿದ 0.12ನ್ನು ಮೀರಲು ಸಾಧ್ಯವಿದ್ದ 0.32ರಿಂದ ಭಾಗಿಸಿದರೆ ಸಿಗುವುದು 0.375 ಮಾತ್ರ, ಇದು ಸಾಲದು. ವಿಡಂಬನೆಯಲ್ಲಿ ಟೀಕೆಯ ಪಾಲು ಯಾವಾಗಲೂ ಹೆಚ್ಚಿರುವುದರಿಂದ ಶೇಕಡಾವಾರು ಲೆಕ್ಕ ಅಲ್ಲಿ ವಿಶೇಷವಾಗಿ ಮೋಸ ಮಾಡುತ್ತದೆ. ಇಬ್ಬರಿಗಿಂತ ಹೆಚ್ಚು ಓದುಗರಿದ್ದರೆ ಹೊಂದಾಣಿಕೆಯನ್ನು ಅಳೆಯುವ ಇಂಥದ್ದೇ ಇನ್ನೊಂದು ಸೂತ್ರವಾದ ಕ್ರಿಪನ್‌ಡಾರ್ಫ್ ಅವರ ಆಲ್ಫಾ ಬಳಸಿ, 0.8 ಮುಟ್ಟಿದರೆ ನೆಚ್ಚಬಹುದು, 0.667ರವರೆಗೆ ತಾತ್ಕಾಲಿಕ ತೀರ್ಮಾನಕ್ಕೆ ಅವಕಾಶವಿದೆ, ಅದಕ್ಕೂ ಕೆಳಗಿದ್ದರೆ ಕೈಪಿಡಿಯನ್ನು ತಿದ್ದಿ ಮತ್ತೆ ಓದಬೇಕು.

ಓದುಗರು ಎಂದೆ, ಅವರು ಯಾರು ಎಂಬುದೂ ಮುಖ್ಯ. ‘ಕೋಲ್ಬೇರ್ ರಿಪೋರ್ಟ್’ ಎಂಬ ಅಮೆರಿಕದ ಟಿ.ವಿ. ಕಾರ್ಯಕ್ರಮದಲ್ಲಿ ಸ್ಟೀಫನ್ ಕೋಲ್ಬೇರ್ ಸಂಪ್ರದಾಯವಾದಿ ಟಿ.ವಿ. ನಿರೂಪಕನ ಸೋಗು ಹಾಕಿ ಅಂಥವರನ್ನೇ ಅಣಕಿಸುತ್ತಿದ್ದರು. ಲಾಮಾರ್, ಲ್ಯಾಂಡ್‌ರೆವಿಲ್ ಮತ್ತು ಬೀಮ್ 332 ಜನರಿಗೆ ಅದರ ತುಣುಕನ್ನು ತೋರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉದಾರವಾದಿಗಳಿಗೂ ಸಂಪ್ರದಾಯವಾದಿಗಳಿಗೂ ಅದು ಒಂದೇ ಬಗೆಯಲ್ಲಿ ತಮಾಷೆಯೆನಿಸಿತ್ತು. ಆದರೆ ಕೋಲ್ಬೇರ್ ತಮಾಷೆಯ ಸೋಗಷ್ಟೇ ಹಾಕಿದ್ದಾರೆ, ಹೇಳಿದ್ದನ್ನು ನಿಜವಾಗಿಯೂ ನಂಬಿದ್ದಾರೆ ಎಂದು ಭಾವಿಸುವ ಸಾಧ್ಯತೆ ಸಂಪ್ರದಾಯವಾದಿಗಳಲ್ಲಿ ಹೆಚ್ಚಾಗಿತ್ತು. ನಿಮ್ಮ ಕೋಡರ್‌ಗಳೆಲ್ಲ, ಅಂದರೆ ಓದಿ ಗುರುತು ಹಾಕುವವರೆಲ್ಲ, ಒಂದೇ ಹಾಸ್ಟೆಲಿನ, ಒಂದೇ ಒಲವಿನ ಗೆಳತಿಯರಾದರೆ ಹೊಂದಾಣಿಕೆ ಹೆಚ್ಚು ಬರುತ್ತದೆ, ಅದು ಅಳತೆಯ ಗುಣದಿಂದ ಬಂದದ್ದಲ್ಲ. ಕನಿಷ್ಠ ಮೂವರು ಇರಲಿ, ಮೂವರ ರಾಜಕೀಯ ಒಲವೂ ಬೇರೆ ಬೇರೆಯಾಗಿರಲಿ. ಅಂಕಣಕಾರರ ಹೆಸರನ್ನೂ ಭಾವಚಿತ್ರವನ್ನೂ ಮುಚ್ಚಿ ಕೊಡಿ. ದಿನಾಂಕವನ್ನು ಮುಚ್ಚಬೇಡಿ, ಆ ವಾರದ ಮುಖ್ಯ ರಾಜಕೀಯ ಸುದ್ದಿಗಳ ನಾಲ್ಕೈದು ಸಾಲಿನ ಟಿಪ್ಪಣಿಯನ್ನೂ ಜೊತೆಗಿಡಿ. ಸಂದರ್ಭ ಕಳೆದುಕೊಂಡ ವಿಡಂಬನೆ ಎರಡು ವರ್ಷದಲ್ಲಿ ಒಗಟಾಗಿಬಿಡುತ್ತದೆ.

ಕಂಪ್ಯೂಟರಿನ ಬಗ್ಗೆ ನೀವು ಕೇಳಿಲ್ಲವಾದರೂ ನಿಮ್ಮ ಗೈಡ್ ಕೇಳಿಯೇ ಕೇಳುತ್ತಾರೆ. ಪದಪಟ್ಟಿ ಇಟ್ಟುಕೊಂಡು ಭಾವ ಗುರುತಿಸುವ ತಂತ್ರಾಂಶಗಳು ಮೇಲಿನ ಕೆರೆಯ ತುಣುಕನ್ನು ಹೊಗಳಿಕೆಯೆಂದೇ ಎಣಿಸುತ್ತವೆ. ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಗಳು ಅದಕ್ಕಿಂತ ಮುಂದಿವೆ, ಅವುಗಳನ್ನು ನಾಲ್ಕನೆಯ ಕೋಡರ್ ಎಂದು ಪರಿಗಣಿಸಬಹುದು. ಆದರೆ ಮೂವರು ಮನುಷ್ಯರ ಗುರುತುಗಳೊಂದಿಗೆ ಅವು ಎಷ್ಟು ಹೊಂದುತ್ತವೆ ಎಂದು ನಿಮ್ಮದೇ ಅಂಕಣಗಳ ಮೇಲೆ ಪರೀಕ್ಷಿಸದೆ ಅವುಗಳ ಅಂಕವನ್ನು ಪ್ರಬಂಧದಲ್ಲಿ ಸೇರಿಸಬೇಡಿ.

ಕೊನೆಯದಾಗಿ, ಮೂವರೂ ಮೂರು ದಿಕ್ಕಿಗೆ ಹೋದ ಅಂಕಣಗಳ ವಿಷಯ. ಚರ್ಚಿಸಿ ಒಮ್ಮತಕ್ಕೆ ಬರುವುದು ರೂಢಿಯ ಕ್ರಮ. ಗಂಭೀರ ಅಂಕಣಗಳಿಗೆ ಅದು ಸರಿ. ವಿಡಂಬನೆಯಲ್ಲಿ ಹಾಗೆ ಮಾಡಿದರೆ ಜೋರು ದನಿಯವರ ಓದು ಗೆಲ್ಲುತ್ತದೆ. ಅವುಗಳನ್ನು ‘ನಿರ್ಧರಿಸಲಾಗದ್ದು’ ಎಂಬ ಪ್ರತ್ಯೇಕ ಸಾಲಿನಲ್ಲಿ, ಅಂಕಣಕಾರರ ವಾರು, ಸಂಖ್ಯೆಸಹಿತ ಕೊಡಿ. ನಂತರ ಪಕ್ಷನಿಷ್ಠೆಯ ಅಂಕವನ್ನು ಎರಡು ಬಾರಿ ಲೆಕ್ಕ ಹಾಕಿ: ಆ ಸಾಲಿನ ಎಲ್ಲವನ್ನೂ ಆಡಳಿತ ಪಕ್ಷದ ಮೇಲಿನ ಟೀಕೆ ಎಂದುಕೊಂಡು ಒಮ್ಮೆ, ವಿರೋಧ ಪಕ್ಷದ ಮೇಲಿನದು ಎಂದುಕೊಂಡು ಇನ್ನೊಮ್ಮೆ. ಎರಡೂ ಲೆಕ್ಕದಲ್ಲಿ ಅಂಕಣಕಾರರ ಅನುಕ್ರಮ ಬದಲಾಗದಿದ್ದರೆ ನಿಮ್ಮ ತೀರ್ಮಾನ ಗಟ್ಟಿ. ಯಾರ ಸ್ಥಾನ ಬದಲಾಗುತ್ತದೋ ಅವರ ಹೆಸರಿನ ಮುಂದೆ ಒಂದೇ ಸಂಖ್ಯೆಯ ಬದಲು ಎರಡೂ ಸಂಖ್ಯೆಗಳನ್ನು ಮುದ್ರಿಸಿ.